ಏನ್ ಬಿತ್ರೀ ಅದು?

ಮನೆಯಲ್ಲಿ ಯಾವುದಾದರೂ ವಸ್ತು ಕೈಜಾರಿ ಬಿದ್ದರೆ ಇನ್ನೊಂದು ಕೋಣೆಯಿಂದ "ಏನದು ಬಿದ್ದದ್ದು?" ಎಂಬ ಪ್ರಶ್ನೆ ಹೊರಡುವುದು ಗುರುತ್ವಾಕರ್ಷಣೆಯಷ್ಟೇ ಸಹಜವಾದ ನಿಯಮವೆಂದು ನಾನು ಬಹುಕಾಲ ನಂಬಿದ್ದೆ. ಬಿದ್ದದ್ದು ಚಮಚವೆಂಬುದು ಸದ್ದಿನಿಂದಲೇ ಸ್ಪಷ್ಟವಾಗಿದ್ದರೂ ಪ್ರಶ್ನೆ ತಪ್ಪುವುದಿಲ್ಲ. ಕೇಳಿದವರಿಗೆ ವಿವರಣೆಯೂ ಬೇಕಿರುವುದಿಲ್ಲ, "ಏನಿಲ್ಲ" ಎಂದರೆ ಸಮಾಧಾನ. ಧಾರವಾಡದಲ್ಲಿ ಹುಟ್ಟಿ ಬೆಳೆದ ನನ್ನ ಹೆಂಡತಿ ವಿಮಲಾ "ಏನ್ ಬಿತ್ರೀ ಅದು?" ಎಂದು ಕೇಳುತ್ತಿದ್ದಳು. ಮೈಸೂರಿನವನಾದ ನಾನು ಆ ಪ್ರಶ್ನೆಯಲ್ಲಿ ಪೊಲೀಸ್ ತನಿಖೆಯ ವಾಸನೆ ಹಿಡಿದು ಮೂವತ್ತೆಂಟು ವರ್ಷ ರೇಗಿದ್ದೇನೆ. ಬೀಳಿಸುವವನು ನಾನೇ ಆಗಿದ್ದರಿಂದ ರೇಗುವ ಹಕ್ಕೂ ನನ್ನದೇ ಎಂದುಕೊಂಡಿದ್ದೆ.

ಕಳೆದ ತಿಂಗಳ ಒಂದು ಮಂಗಳವಾರ, ಬೆಳಿಗ್ಗೆ ಹತ್ತರ ಸುಮಾರಿಗೆ, ಕೇಟಿ ಎಂಬ ಊರಿನ ನಮ್ಮ ಮನೆಯ ಅಡುಗೆಮನೆಯ ಮೇಜಿನಿಂದ ಬೆಂಕಿಕಡ್ಡಿಗಿಂತ ಚಿಕ್ಕದಾದ ಒಂದು ಉಕ್ಕಿನ ಪಿನ್ನು ಜಾರಿಬಿದ್ದು, ಟೈಲ್ಸಿನ ಮೇಲೆ ಮೂರು ಸಲ ಕುಣಿದು, ಫ್ರಿಜ್ಜಿನ ಕಡೆಗೆಲ್ಲೋ ಹೊರಟುಹೋಯಿತು. ಯಾರೂ ಏನೂ ಕೇಳಲಿಲ್ಲ. ಕೇಳುವವಳು ತೀರಿಕೊಂಡು ಎರಡು ವರ್ಷವಾಗಿದೆ. ಆದರೂ ಅಭ್ಯಾಸಬಲದಿಂದ "ಏನಿಲ್ಲ ಬಿಡು" ಎಂದು ಗಟ್ಟಿಯಾಗಿಯೇ ಹೇಳಿಬಿಟ್ಟೆ.

ಪಿನ್ನು ಬಂದೂಕಿನದು. ಇಷ್ಟು ಹೇಳಿದೊಡನೆ ನೀವು ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿಕೊಂಡದ್ದು ನನಗೆ ಗೊತ್ತಾಗುತ್ತದೆ. ಗಾಬರಿ ಬೇಡ. ನಾನು ಸೊಪ್ಪಿನ ಹುಳಿಗೂ ಎರಡು ಸಲ ಸೊಪ್ಪು ತೊಳೆದು ಹುಳ ಬಿಡಿಸುವ ಸಸ್ಯಾಹಾರಿ. ಎಣ್ಣೆ ಕಂಪನಿಯೊಂದರಲ್ಲಿ ಮೂವತ್ತು ವರ್ಷ ವಾಲ್ವ್‌ಗಳ ಯೋಗಕ್ಷೇಮ ನೋಡಿಕೊಂಡು ನಿವೃತ್ತನಾದವನು. ನಿವೃತ್ತಿಯ ಮರುವಾರವೇ ಯೂಲೆಸ್‌ನಲ್ಲಿರುವ ಗೆಳೆಯ ಡಾಕ್ಟರ್ ಬಸಣ್ಣ ನನ್ನನ್ನು ಗುರಿ ಹೊಡೆಯುವ ಮೈದಾನಕ್ಕೆ ಕರೆದೊಯ್ದು, ಸಣ್ಣ ಗುಂಡಿನ ರೈಫಲ್ಲೊಂದನ್ನು ಕೊಡಿಸಿದರು. ಡಾಕ್ಟರು ಹುಬ್ಬಳ್ಳಿಯವರು. ಅವರ ಮನೆಯ ನೆತ್ತಿಯ ಮೇಲೇ ವಿಮಾನಗಳು ಇಳಿಯುವುದರಿಂದ ಮಾತನ್ನು ಅರ್ಧಕ್ಕೆ ನಿಲ್ಲಿಸಿ, ವಿಮಾನ ದಾಟಿದ ಮೇಲೆ ಅದೇ ಪದದಿಂದ ಮುಂದುವರಿಸುವ ಕಲೆ ಅವರಿಗೆ ಸಿದ್ಧಿಸಿದೆ. "ಕೈ ನಡಗೂದು ನಿಲ್ಲತದ, ಮನಸ್ಸೂ ನಿಲ್ಲತದ" ಎಂದರು. ತಿಂಗಳಿಗೊಮ್ಮೆ ನಾಲ್ಕು ಗಂಟೆ ಡ್ರೈವ್ ಮಾಡಿಕೊಂಡು ವಿಮಲಾ ಜೊತೆ ಅಲ್ಲಿಗೆ ಹೋಗುತ್ತಿದ್ದೆ. ಈ ಜನ್ಮದಲ್ಲಿ ನಾನು ಕೊಂದದ್ದು ಕಾಗದವನ್ನು ಮಾತ್ರ, ಅದೂ ಬಹುತೇಕ ಅಂಚಿನಲ್ಲಿ.

ವಿಮಲಾಗೆ ಆ ಬಂದೂಕೆಂದರೆ ಭಯ. ಅದನ್ನಿಟ್ಟ ಬೀರುವಿನ ಮುಂದೆ ಹಾಯುವಾಗಲೂ ಸೆರಗು ಬಿಗಿಹಿಡಿದು ಸರಿದು ಹೋಗುತ್ತಿದ್ದಳು. ಆದರೆ ಅವಳ ತವರಿನಲ್ಲಿ ಖಂಡೇಪೂಜೆ ಎನ್ನುವ ಆಯುಧಪೂಜೆಯ ದಿನ ಮಾತ್ರ ನ್ಯಾಯವೆಂದರೆ ನ್ಯಾಯ. ಈಳಿಗೆಮಣೆ, ಕುಕ್ಕರು, ಎರಡು ಕಾರಿನ ಕೀಲಿ, ನನ್ನ ಹಳೆಯ ಸ್ಪ್ಯಾನರುಗಳು, ಮಗಳ ಲ್ಯಾಪ್‌ಟಾಪು ಇವುಗಳ ಸಾಲಿನಲ್ಲಿ ಬಂದೂಕನ್ನೂ ನನ್ನಿಂದಲೇ ತರಿಸಿ, ಖಾಲಿಯೆಂದು ಮೂರು ಸಲ ನನ್ನ ಬಾಯಲ್ಲಿ ಹೇಳಿಸಿ, ಎಣ್ಣೆಯಲ್ಲಿ ಕಲಸಿದ ಕುಂಕುಮ ಹಚ್ಚಿ ಅಕ್ಷತೆ ಹಾಕುತ್ತಿದ್ದಳು. ಕುಂಕುಮವನ್ನು ಮರದ ಹಿಡಿಗೆ ಹಚ್ಚಿದ್ದರೆ ಒರೆಸುವುದು ಸುಲಭವಿತ್ತು. ಅವಳು ಹಚ್ಚುತ್ತಿದ್ದದ್ದು ನೇರ ಟ್ರಿಗರ್‌ಗೆ, ನಮ್ಮ ಹಿರಿಯರು ಬಂದೂಕಿನ ಕುದುರೆ ಎನ್ನುತ್ತಿದ್ದ ಆ ಸಣ್ಣ ಕೊಕ್ಕೆಗೆ. ನಾನು ಆಕ್ಷೇಪಿಸಿದರೆ "ನಿಮ್ಮ ಬೆರಳು ಬೀಳೋ ಜಾಗಾ ಅದು. ಅಲ್ಲೇ ಹಚ್ಚಬೇಕು, ನೀವು ಸುಮ್ಮಿರ್ರಿ" ಎನ್ನುತ್ತಿದ್ದಳು. ನಾನು ಸುಮ್ಮನಿದ್ದು, ಮರುದಿನ ಬಟ್ಟೆಯಿಂದ ಮೇಲೆ ಮೇಲೆ ಒರೆಸಿಡುತ್ತಿದ್ದೆ.

ವರ್ಷ ಕಳೆದಂತೆ ಟ್ರಿಗರ್ ಬಿಗಿಯಾಯಿತು. ಒತ್ತಿದರೆ ಮರಳಿನಲ್ಲಿ ಚಕ್ರ ಹೊರಳಿದ ಹಾಗೆ ಕರಕರ ಎನ್ನುತ್ತಿತ್ತು. ನಾನು ತಯಾರಿಸಿದವರನ್ನು ಬೈದೆ, ನನ್ನ ಬೆರಳಿನ ಸಂಧಿವಾತವನ್ನು ಬೈದೆ. "ಹೊಸಾದ್ ತರಿಸ್ಕೊಂಡು ನೀವ ಹಾಕ್ರಿ, ಇಂಜಿನಿಯರ್ ಇದ್ದೀರಿ" ಎಂದು ಡಾಕ್ಟರು ಛೇಡಿಸುತ್ತಿದ್ದರು. ವಿಮಲಾ ಹೋದ ಮೇಲೆ ಯೂಲೆಸ್ ಪ್ರಯಾಣವೂ ನಿಂತು, ಬಂದೂಕು ಬೀರುವಿನಲ್ಲೇ ಉಳಿಯಿತು.

ಈಗ ಮಗಳ ವಿಷಯ ಹೇಳಬೇಕು. ಅನಘಾ ಇರುವುದು ಆಸ್ಟಿನ್‌ನಲ್ಲಿ. ಅಲ್ಲಿನ ದ ಡೊಮೇನ್ ಎಂಬ ಬಡಾವಣೆಯ ಕಚೇರಿಯಿಂದ ಕಾರಿನವರೆಗೆ ನಡೆಯುವ ಎಂಟು ನಿಮಿಷವನ್ನು ದಿನವೂ ಸಂಜೆ ನನ್ನ ಹೆಸರಿಗೆ ಬರೆದಿಟ್ಟಿದ್ದಳು. ನಾನು ಕನ್ನಡದಲ್ಲಿ ಕೇಳುತ್ತೇನೆ, ಅವಳು ಇಂಗ್ಲಿಷಿನಲ್ಲಿ ಹೇಳುತ್ತಾಳೆ, ಇಬ್ಬರಿಗೂ ಅರ್ಥವಾಗುತ್ತದೆ. ಚಳಿಗಾಲದಿಂದೀಚೆಗೆ ಊಟವಾಯಿತೇ ಎಂಬ ಪ್ರಶ್ನೆಯ ಬೆನ್ನಿಗೆ ಬೀರುವಿಗೆ ಬೀಗ ಹಾಕಿದೆಯೇ ಎಂಬ ಇನ್ನೊಂದು ಪ್ರಶ್ನೆ ಸೇರಿಕೊಂಡಿತು. ಕೊನೆಗೊಂದು ದಿನ ನೇರವಾಗಿಯೇ ಅಂದಳು: "ಅಪ್ಪಾ, ಯು ಆರ್ ಅಲೋನ್ ಆಲ್ ಡೇ. ಐ ಆಮ್ ಸ್ಕೇರ್ಡ್. ಪ್ಲೀಸ್, ಅದನ್ನ ಡಾಕ್ಟರ್ ಅಂಕಲ್‌ಗೆ ಕೊಟ್ಬಿಡು."

ಭಯವೆಂಬುದನ್ನು ಮಕ್ಕಳು ಹೀಗೆ ಬಿಚ್ಚಿ ಹೇಳಿದರೆ ತಂದೆಯಾದವನು ಏನು ಮಾಡಬೇಕೆಂದು ಯಾವ ಕೈಪಿಡಿಯಲ್ಲೂ ಬರೆದಿಲ್ಲ. ನಾನು ಸುಲಭದ ದಾರಿ ಹಿಡಿದು ಸಿಟ್ಟಾದೆ. "ನಿಮ್ಮಪ್ಪಂಗೆ ತಲೆ ಕೆಟ್ಟಿದೆ ಅಂದ್ಕೊಂಡಿದೀಯಾ?" ಎಂದೆ. ಅವಳು ಫೋನ್ ಇಟ್ಟಳು. ಮರುದಿನ ಸಂಜೆಯ ಎಂಟು ನಿಮಿಷ ಬರಲಿಲ್ಲ, ಅದರ ಮರುದಿನವೂ ಇಲ್ಲ. ನಾನೂ ಬಿಡುವವನಲ್ಲ, ಬಂದೂಕು ಕೊಡುವುದಿರಲಿ, ಅದಕ್ಕೆ ಹೊಸ ಟ್ರಿಗರನ್ನೇ ತರಿಸುತ್ತೇನೆಂದು ಆರ್ಡರ್ ಮಾಡಿದೆ. ಅರವತ್ತೇಳು ವರ್ಷದವನ ಮುನಿಸಿಗೆ ಏಳು ವರ್ಷದವನ ಮುನಿಸಿಗಿಂತ ಇರುವ ಒಂದೇ ಅನುಕೂಲವೆಂದರೆ ಕ್ರೆಡಿಟ್ ಕಾರ್ಡು.

ಅವಳ ಭಯ ನಿರಾಧಾರವಾಗಿತ್ತೆಂದು ನಿಮ್ಮೆದುರು ಪ್ರಮಾಣ ಮಾಡುವ ಧೈರ್ಯ ನನಗಿಲ್ಲ. ಕೆಲವು ಮಧ್ಯಾಹ್ನ ಒಬ್ಬನಿಗಾಗಿ ಕುಕ್ಕರ್ ಇಡಲು ಮನಸ್ಸಾಗದೆ, ಇಷ್ಟೆಲ್ಲ ಯಾತಕ್ಕೆ ಎಂದುಕೊಂಡು ಕತ್ತಲಾಗುವವರೆಗೆ ಸೋಫಾದ ಮೇಲೆ ಕುಳಿತದ್ದುಂಟು. ಬೀರುವಿನ ಕಡೆ ನೋಡಿರಲಿಲ್ಲ ನಿಜ. ಆದರೆ ನೂರಕ್ಕೂ ಹೆಚ್ಚು ಮೈಲಿ ದೂರದಲ್ಲಿ ನಡೆಯುತ್ತಿರುವವಳಿಗೆ ಅದು ಹೇಗೆ ತಿಳಿಯಬೇಕು?

ಅಂತೂ ಮಂಗಳವಾರ ಕೆಲಸಕ್ಕೆ ಕೂತೆ. ಮೇಜಿಗೆ ಹಳೆಯ ಟವೆಲ್ ಹಾಸಿ, ಬಂದೂಕು ಖಾಲಿಯೆಂದು ಮೂರು ಸಲ ನೋಡಿ, ವಿಮಲಾ ಇಲ್ಲದಿದ್ದರೂ ಮೂರು ಸಲ ಬಾಯಿಬಿಟ್ಟು ಹೇಳಿ, ಕನ್ನಡಕದ ಮೇಲೊಂದು ಕನ್ನಡಕ ಹಾಕಿಕೊಂಡೆ. ಫೋನಿನ ವಿಡಿಯೋದಲ್ಲಿ ಗಡ್ಡದ ಯುವಕನೊಬ್ಬ ಎರಡು ಪಿನ್ನು ತೆಗೆದರೆ ಮುಗಿಯಿತು, ಹತ್ತು ನಿಮಿಷದ ಕೆಲಸ ಎಂದು ನಗುತ್ತಿದ್ದ. ನನಗೆ ಒಂದು ಪಿನ್ನು ತೆಗೆಯಲು ನಲವತ್ತು ನಿಮಿಷ ಹಿಡಿಯಿತು. ಎರಡನೆಯದು ಬಂದ ವೇಗದಲ್ಲೇ ನೆಲಕ್ಕೆ ಹಾರಿತೆಂಬುದು ನಿಮಗೆ ಆಗಲೇ ಗೊತ್ತು. ನೆಲಕ್ಕೆ ಕೆನ್ನೆಯಿಟ್ಟು ಟಾರ್ಚು ಬಿಟ್ಟು ನೋಡಿದೆ. ಫ್ರಿಜ್ಜಿನ ಕೆಳಗಿನ ಧೂಳಿನಲ್ಲಿ ಪಿನ್ನು ಕಾಣಲಿಲ್ಲ. ಎದ್ದು ಬಂದು, ಕಳಚಿಕೊಂಡಿದ್ದ ಹಳೆಯ ಟ್ರಿಗರನ್ನು ಬೆಳಕಿಗೆ ಹಿಡಿದೆ.

ಒಳಗೆಲ್ಲ ಕೆಂಪು. ಎಣ್ಣೆಯ ಜಿಡ್ಡಿನಲ್ಲಿ ಕುಂಕುಮ ಒಣಗಿ ಮೂಲೆಮೂಲೆಗೆ ಹತ್ತಿಕೊಂಡಿತ್ತು. ಎರಡು ಉಕ್ಕಿನ ತುಂಡುಗಳು ಸೇರುವ ಸಂದಿನಲ್ಲಿ ಅರ್ಧ ಮುರಿದ ಒಂದು ಅಕ್ಕಿಕಾಳು. ಆರು ವರ್ಷದ ಖಂಡೇಪೂಜೆ ಅಲ್ಲಿ ಪದರಪದರವಾಗಿ ಕೂತಿತ್ತು. ಒಂದು ಕಣ ಕಸ ಹೊಕ್ಕರೂ ವಾಲ್ವು ಕೆಡುತ್ತದೆಂದು ಮೂವತ್ತು ವರ್ಷ ಕಿರಿಯರಿಗೆ ಉಪನ್ಯಾಸ ಕೊಟ್ಟ ಮಹಾಶಯನ ಮನೆಯಲ್ಲೇ ಹೀಗೆ. ಮೊದಲು ನಗು ಬಂತು. ಆಮೇಲೆ ಅಳು ಬಂತು, ಕನ್ನಡಕ ಎರಡಿದ್ದುದರಿಂದ ಒರೆಸಿಕೊಳ್ಳುವುದೂ ತಡವಾಯಿತು.

ಆ ಕಾಳನ್ನು ನೋಡುತ್ತ ಕೂತಾಗ ಒಂದು ಸಂಗತಿ ಹೊಳೆಯಿತು. ವಿಮಲಾ ಬಂದೂಕನ್ನು ಪೂಜಿಸಿರಲಿಲ್ಲ. ನನ್ನ ಬೆರಳು ಎಲ್ಲಿ ಬೀಳುತ್ತದೋ ಅಲ್ಲಿಗೆ ತನ್ನ ಭಯವನ್ನು ಕುಂಕುಮ ಮಾಡಿ ಹಚ್ಚಿ, ಬೆರಳನ್ನು ಕಾಯ್ದುಕೊಂಡಿದ್ದಳು. ಮಗಳು ಬೀಗದ ಬಗ್ಗೆ ಕೇಳಿ ಮಾಡುತ್ತಿದ್ದದ್ದೂ ಅದನ್ನೇ. ಇಬ್ಬರಿಗೂ ನಾನು ಕೊಟ್ಟ ಉತ್ತರ ಸಿಡುಕು. ಅವಳಿಗಿನ್ನು ಬೇರೆ ಉತ್ತರ ಕೊಡಲಾಗುವುದಿಲ್ಲ. ಇವಳಿಗೆ ಕೊಡಬಹುದು.

ಕಚೇರಿಯ ವೇಳೆಯೆಂದೂ ನೋಡದೆ ಫೋನ್ ಮಾಡಿದೆ. ಅಕ್ಕಿಕಾಳಿನ ವಿಷಯ ಹೇಳಿದೆ. "ಅಮ್ಮ ಪುಟ್ ಕುಂಕುಮ ಆನ್ ದ ಟ್ರಿಗರ್?" ಎಂದು ನಕ್ಕಳೋ ಅತ್ತಳೋ ತಿಳಿಯಲಿಲ್ಲ. ನಾನು ಧೈರ್ಯ ಮಾಡಿ "ಪುಟ್ಟಿ, ನೀನು ಹೆದರಿದ್ದು ತಪ್ಪಲ್ಲ. ಕೆಲವು ದಿನ ನಂಗೆ ತುಂಬಾ ಕಷ್ಟ ಆಗತ್ತೆ. ಹೇಳ್ಕೊಳಕ್ಕೆ ಬರಲ್ಲ ಅಷ್ಟೆ" ಎಂದೆ. ಇಷ್ಟು ಚಿಕ್ಕ ಮಾತಿಗೆ ಎರಡು ವರ್ಷ ಬೇಕಾಗಿತ್ತು.

ಶನಿವಾರ ಅವಳು ಬಂದಳು. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಅಯಸ್ಕಾಂತದ ಬೊಂಬೆಯೊಂದನ್ನು ದಾರಕ್ಕೆ ಕಟ್ಟಿ, ನೆಲದ ಮೇಲೆ ಮಲಗಿ, ಎರಡೇ ನಿಮಿಷದಲ್ಲಿ ಪಿನ್ನನ್ನು ಎಳೆದು ತಂದಳು. ಇಂಜಿನಿಯರಾದ ನನಗೆ ಇದು ಯಾಕೆ ಹೊಳೆಯಲಿಲ್ಲವೆಂದು ಅವಳು ಕೇಳಲಿಲ್ಲ, ನಾನೂ ವಿಷಯ ಬದಲಿಸಿದೆ. ಭಾನುವಾರ ಇಬ್ಬರೂ ಯೂಲೆಸ್‌ಗೆ ಹೋಗಿ ಬಂದೂಕನ್ನು ಡಾಕ್ಟರ ತಿಜೋರಿಯಲ್ಲಿ ಬಿಟ್ಟುಬರುವುದೆಂದು ಒಪ್ಪಂದವಾಯಿತು. "ಬಂದೂಕ್ ಇಲ್ಲಿ ಇರಲಿ. ಅದನ್ನ ನೋಡಾಕ ತಿಂಗಳಾ ತಿಂಗಳಾ ನೀವು ಬರ್ರಿ" ಎಂದು ಡಾಕ್ಟರು ಫೋನಿನಲ್ಲಿ ಹೇಳಿ, ವಿಮಾನ ದಾಟಿದ ಮೇಲೆ "ಎರಡು ದಿನ ಉಳೀಬೇಕು ಮತ್ತ" ಎಂದು ಸೇರಿಸಿದರು. ಹಳೆಯ ಟ್ರಿಗರನ್ನು, ಕಾಳು ಅಲ್ಲಾಡದಂತೆ, ದೇವರ ಗೂಡಿನಲ್ಲಿಟ್ಟೆ.

ಕೊಡುವ ವಸ್ತುವನ್ನು ಸರಿಮಾಡಿಯೇ ಕೊಡಬೇಕಲ್ಲ, ಅನಘಾ ಮಹಡಿಯ ಮೇಲೆ ತನ್ನ ಹಳೆಯ ಕೋಣೆಯಲ್ಲಿ ಹಾಸಿಗೆ ಹಾಸಿಕೊಳ್ಳುತ್ತಿದ್ದಾಗ ನಾನು ಹೊಸ ಟ್ರಿಗರ್ ಜೋಡಿಸಲು ಕೂತೆ. ಮೊದಲ ಪಿನ್ನು ಕೂತಿತು. ಎರಡನೆಯದು ಬೆರಳಿನಿಂದ ಜಾರಿ ಟೈಲ್ಸಿನ ಮೇಲೆ ಮೂರು ಸಲ ಕುಣಿದು ನನ್ನ ಕಾಲಬಳಿಯೇ ನಿಂತಿತು.

"ಏನ್ ಬಿತ್ತಪ್ಪಾ ಅದು?" ಮೇಲಿನಿಂದ ಧ್ವನಿ ಬಂತು, ಕನ್ನಡದಲ್ಲಿ.

ಪಿನ್ನು ಕಣ್ಣೆದುರಿಗೇ ಇತ್ತು. ಏನಿಲ್ಲ ಎನ್ನುವುದಕ್ಕೆ ನನಗೆ ಒಂದು ಕ್ಷಣ ಸಾಕಿತ್ತು. ಹೇಳಲಿಲ್ಲ, ಅವಳು ಇನ್ನೊಂದು ಸಲ ಕೇಳಲಿ ಎಂದು ಸುಮ್ಮನೆ ಕೂತಿದ್ದೆ.