ಸೀಟಿನ ಚೀಲಕ್ಕೊಂದು ಆಸರೆ

ಗೆಳೆಯರೇ, ಇವತ್ತು ಬೆಳಿಗ್ಗೆ ಸೈಕಲ್ ಅಂಗಡಿಯೊಂದರಲ್ಲಿ ನನ್ನ ಎತ್ತರದ ಬಗ್ಗೆ ಚರ್ಚೆ ನಡೆಯಿತು. ನಾನು ಹೋಗಿದ್ದು ಸೀಟಿನ ಹಿಂದೆ ಕಟ್ಟುವ ಚೀಲಕ್ಕೆ ಆಸರೆಯಾಗಿ ಒಂದು ರ‍್ಯಾಕ್ ಕೊಳ್ಳಲು.

ತೀರಿಕೊಂಡ ಅಪ್ಪನ ಖಾಕಿ ಪ್ಯಾಂಟನ್ನು ಕತ್ತರಿಸಿ ಅಕ್ಕ ಹೊಲಿದುಕೊಟ್ಟ ಚೀಲ ಅದು. ನಾನು ಕುಳ್ಳಿ, ಹಾಗಾಗಿ ನನ್ನ ಸೀಟೂ ತಗ್ಗು. ಚೀಲದ ತಳ ಟಯರಿಗೆ ಉಜ್ಜಿ ಎರಡೇ ದಿನಕ್ಕೆ ನೂಲು ಬಿಟ್ಟಿತ್ತು.

ಹೆಬ್ಬಾಳದ ಅಂಗಡಿಯಾತ ಮೂರು ಬಗೆಯ ರ‍್ಯಾಕ್ ಹಿಡಿದು ನೋಡಿದ. ಯಾವುದೂ ಸೀಟಿಗೂ ಟಯರಿಗೂ ನಡುವಿನ ಸಂದಿಯಲ್ಲಿ ಕೂರಲಿಲ್ಲ.

"ಸೀಟ್ ನಾಲ್ಕಿಂಚ್ ಮೇಲೆತ್ತಿ ಮೇಡಂ, ಸರಿಹೋಗುತ್ತೆ."

"ಸೀಟ್ ನೀವು ಎತ್ತುತ್ತೀರ, ಕಾಲು ಉದ್ದ ಮಾಡೋರು ಯಾರ್ರೀ?"

"ಹಂಗಾದ್ರೆ ಚಿಕ್ಕ ಬ್ಯಾಗ್ ತಗೊಳ್ಳಿ."

ಸಿಟ್ಟು ನೆತ್ತಿಗೇರಿತು. ಸೈಕಲ್ ತಳ್ಳಿಕೊಂಡು ಹೊರಬಂದೆ.

ಆರ್.ಟಿ. ನಗರದ ನಮ್ಮ ಬೀದಿಯಲ್ಲಿ ಪಂಕ್ಚರ್ ಹಾಕುವ ಬಾಷಾ ಭಾಯ್ ಮುಂದೆ ಇದನ್ನೆಲ್ಲ ಹೇಳಿಕೊಂಡೆ. ಅವರು ಕೇಳುತ್ತಲೇ ಚೀಲದ ಪಟ್ಟಿ ಬಿಚ್ಚಿ, ಸೈಕಲ್ಲಿನ ಮುಂದೆ ಬಂದು ಹ್ಯಾಂಡಲ್ಲಿಗೆ ಕಟ್ಟಿಬಿಟ್ಟರು. ಚೀಲದ ಕೆಳಗೆ ಇನ್ನೂ ಒಂದು ಗೇಣು ಜಾಗ ಉಳಿದಿತ್ತು.

"ಭಾಯ್, ಇದು ಸೀಟಿನ ಬ್ಯಾಗು!"

"ಅದು ನಿಮಗ್ ಗೊತ್ತು, ನಂಗ್ ಗೊತ್ತು. ಬ್ಯಾಗಿಗೆ ಏನ್ ಗೊತ್ತಮ್ಮ?"

ಮನೆಯವರೆಗೂ ಉಜ್ಜುವ ಸದ್ದೇ ಇಲ್ಲ. ಅಪ್ಪನ ಪ್ಯಾಂಟು ಉಳಿಯಿತು, ಜೀವ ನಿರಾಳವಾಯಿತು.

ಹೆಣ್ಣು ನೋಡಲು ಬಂದವರಿಂದ ಹಿಡಿದು ಇವತ್ತಿನ ಅಂಗಡಿಯಾತನವರೆಗೆ ಎಲ್ಲರೂ ನನ್ನಲ್ಲಿ ನಾಲ್ಕಿಂಚು ಕಡಿಮೆ ಎಂದೇ ಹೇಳಿದ್ದಾರೆ. ಚೀಲ ಕಟ್ಟಿದ ಜಾಗವೇ ತಪ್ಪು ಎಂದು ಕಂಡುಕೊಂಡವರು ಬಾಷಾ ಭಾಯ್ ಒಬ್ಬರೇ.