ಜಗಲಿ ಇಳಿದ ಮಾವ

ನನ್ನ ಗಂಡ ತೀರಿಕೊಂಡ ವರ್ಷ ಅದು. ಮಗಳು ಆಗತಾನೇ ಅಂಗನವಾಡಿಗೆ ಸೇರಿದ್ದಳು. ದೊಡ್ಡಬಳ್ಳಾಪುರದ ನಮ್ಮ ನೇಕಾರರ ಬೀದಿಗೆ ನನ್ನ ಮಾವನವರೇ ಯಜಮಾನರು. ಬೀದಿಯ ವ್ಯಾಜ್ಯ ತೀರಿಸುವ ಈ ಕೆಲಸ ನಮ್ಮಲ್ಲಿ ಅಪ್ಪನಿಂದ ಮಗನಿಗೆ ಬರುವಂಥದ್ದಲ್ಲ. ಮಗ್ಗ ನಡೆಯುವ ಪ್ರತಿ ಮನೆಯವರೂ ಒಂದು ಲಾಳಿ ತಂದು ತಮಗೆ ಬೇಕಾದವರ ಮುಂದೆ ಇಡಬೇಕು. ಯಾರ ಮುಂದೆ ಲಾಳಿ ಹೆಚ್ಚೋ ಅವರು ಐದು ವರ್ಷ ಗುಡಿಯ ಜಗಲಿ ಮೇಲೆ ಕೂತು ನ್ಯಾಯ ಹೇಳುತ್ತಾರೆ. ಮಾವ ನಾಲ್ಕು ಸಲ ಗೆದ್ದಿದ್ದರು.

ತಿಥಿ ಮುಗಿದು ತಿಂಗಳಾಗಿರಲಿಲ್ಲ, ಪಕ್ಕದ ಬೀದಿಯಲ್ಲಿರುವ ಭಾವ ಬಂದು, "ಇವ್ಳಿಗೆ ಮಗ್ಗದ ಕೆಲ್ಸ ಏನ್ ಬರುತ್ತೆ? ತಮ್ಮನ ಮಗ್ಗ ನಾನು ನಡೆಸ್ತೀನಿ. ಇವ್ಳು ಹೊಸಕೋಟೆಗೆ, ತವರಿಗೆ ಹೋಗ್ಲಿ" ಎಂದರು. ನನಗೆ ಮೈಯೆಲ್ಲ ಉರಿಯಿತು. ಕೊನೆಯ ಆರು ತಿಂಗಳು ಮನೆ ಹಿಂದಿನ ಶೆಡ್ಡಿನಲ್ಲಿ ನೇಯ್ದವಳು ನಾನೇ! ಉಸಿರಾಟದ ತೊಂದರೆಯಿಂದ ನನ್ನ ಗಂಡನಿಗೆ ನಿಲ್ಲಲೂ ಆಗುತ್ತಿರಲಿಲ್ಲ. "ಯಾರಿಗೂ ಹೇಳ್ಬೇಡಿ, ಅಣ್ಣಂಗಂತೂ ಬೇಡ, ನೊಂದ್ಕೋತಾನೆ" ಎಂದು ನನ್ನಿಂದಲೂ ಮಾವನಿಂದಲೂ ಆಣೆ ಮಾಡಿಸಿಕೊಂಡಿದ್ದರು. ಅಷ್ಟೆಲ್ಲ ಗೊತ್ತಿದ್ದೂ ಮಾವ ತುಟಿ ಪಿಟಕ್ ಎನ್ನಲಿಲ್ಲ.

ನನ್ನ ಬಾಯಿ ಮೊದಲೇ ಜೋರು. ಮರುದಿನ, ಹೊರಗಿನವರು ದೂರು ಕೊಡುವ ಹಾಗೆಯೇ ವೀಳ್ಯದೆಲೆ ಅಡಿಕೆ ತಂದು ಮಾವನ ಮುಂದಿಟ್ಟು, "ಯಜಮಾನ್ರೇ, ನಂಗೂ ನ್ಯಾಯ ಬೇಕು" ಎಂದೆ. ನಾನು ಬಡಿಸಿದ ಮುದ್ದೆ ಉಂಡು ಕೈ ತೊಳೆದಿದ್ದ ಮನುಷ್ಯ! ಎಲೆ ತೆಗೆದುಕೊಂಡು, "ಭಾನುವಾರ ಬಾಮ್ಮ" ಎಂದರು, ಅಷ್ಟೇ. ಅವತ್ತು ಅಡುಗೆಮನೆಯ ಪಾತ್ರೆಗಳನ್ನೆಲ್ಲ ಕುಕ್ಕಿ ಕುಕ್ಕಿ ಇಟ್ಟೆ.

ಭಾನುವಾರ ಬೀದಿಯ ಮಗ್ಗಗಳೆಲ್ಲ ನಿಂತವು. ಎಲ್ಲರೂ ಗುಡಿಯ ಮುಂದೆ ಸೇರಿದರು, ಮಾವ ಜಗಲಿ ಮೇಲೆ ಕೂತರು. ಭಾವ ಮೊದಲು ಹೇಳಿದ್ದನ್ನೇ ಹೇಳಿದರು. ನನ್ನ ಸರದಿ ಬಂದಾಗ ಗಂಡನ ಆಣೆ ನೆನಪಾಯಿತು. "ನಂಗೆ ನೇಯೋಕೆ ಬರುತ್ತೆ" ಎಂದಷ್ಟೇ ಅಂದೆ. ಯಾರೋ ನಕ್ಕರು.

ಆಗ ಮಾವ ಮೆಲ್ಲಗೆ ಜಗಲಿ ಇಳಿದು ಬಂದು ನನ್ನ ಪಕ್ಕ ನಿಂತರು. "ಸಾಕ್ಷಿ ನಾನು ಹೇಳ್ತೀನಿ" ಎಂದರು.

ಹಿರಿಯರೊಬ್ಬರು ಗಾಬರಿಯಿಂದ, "ಯಜಮಾನ್ರೇ, ಸಾಕ್ಷಿ ಹೇಳ್ದೋರು ಮತ್ತೆ ಯಾವತ್ತೂ ಜಗಲಿ ಹತ್ತಂಗಿಲ್ಲ" ಎಂದರು.

"ಗೊತ್ತು ಕಣಯ್ಯಾ, ಎಲ್ರಿಗೂ ಆ ಕಟ್ಟಳೆ ಹೇಳ್ತಿದ್ದೋನು ನಾನೇ ಅಲ್ವಾ? ಆರು ತಿಂಗ್ಳು ನನ್ ಮಗ ಮಲಗಿದ್ದ. ನೇಯ್ದಿದ್ದು ಈ ಮಗು. ಕಂಡಿಕೆಗೆ ನೂಲು ಸುತ್ತಿ ಕೊಟ್ಟಿದ್ದು ನಾನು. ಅವನಿಗೆ ಕೊಟ್ಟ ಆಣೆ ಮುರೀತಾ ಇದೀನಿ. ಆ ಪಾಪ ನಂಗಿರ್ಲಿ, ಇವ್ಳಿಗೆ ಬೇಡ."

"ನಂಗಾದ್ರೂ ಹೇಳ್ಬಾರ್ದಿತ್ತಾ ಅಪ್ಪಾ?" ಎಂದು ಭಾವ ಅತ್ತೇಬಿಟ್ಟರು. ಮಗ್ಗ ನನ್ನದೇ ಎಂದು ಹಿರಿಯರು ತೀರ್ಮಾನ ಕೊಟ್ಟರು.

ಮುಂದಿನ ಆಯ್ಕೆಯ ದಿನ ನನ್ನ ಮನೆಯ ಲಾಳಿ ಹಿಡಿದು ನಾನೇ ಹೋದೆ. ಜಗಲಿ ಕೆಳಗೆ ಇಬ್ಬರು ಹೊಸಬರು ಲಾಳಿಗಾಗಿ ಕಾಯುತ್ತ ಕೂತಿದ್ದರು. ಮಾವ ಎಲ್ಲರ ಹಿಂದೆ ಕಂಬಕ್ಕೆ ಒರಗಿದ್ದರು. ಸೀದಾ ಹೋಗಿ ಲಾಳಿಯನ್ನು ಅವರ ಮುಂದಿಟ್ಟೆ.

"ಅಯ್ಯೋ, ಇದು ಲೆಕ್ಕಕ್ಕೆ ಬರಲ್ಲಮ್ಮ! ನಿನ್ ಓಟು ಹಾಳಾಯ್ತಲ್ಲ" ಎಂದು ಗದರಿದರು. ಕಣ್ಣು ಮಾತ್ರ ತುಂಬಿತ್ತು.

"ಹಾಳಾದ್ರೆ ಆಗ್ಲಿ ಬಿಡಿ ಮಾವ" ಎಂದೆ.

ಈಗಲೂ ದಿನಾ ಬೆಳಿಗ್ಗೆ ಕಂಡಿಕೆ ಸುತ್ತಿಕೊಡುವುದು ಅವರೇ. ಅದನ್ನು ಲಾಳಿಗೆ ಹಾಕುವಾಗೆಲ್ಲ ಅವತ್ತು ಪಾತ್ರೆ ಕುಕ್ಕಿದ್ದು ನೆನಪಾಗಿ ನಾಚಿಕೆಯಾಗುತ್ತದೆ. ತಪ್ಪಾಯ್ತು ಎಂದು ಇನ್ನೂ ಹೇಳಿಲ್ಲ. ಹೇಳಿದರೆ ಮತ್ತೆ ಗದರುತ್ತಾರೆ.