ಆರು ಜೋಡಿ ಮಣ್ಣೆತ್ತು

ಕಲಾವಿದರೆಂದರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಗಜೇಂದ್ರಗಡದ ಕಡೆಯ ಆ ಹೆಣ್ಣುಮಗಳು ಚಿಕ್ಕನರಗುಂದದ ನಮ್ಮ ಮನೆಗೆ ಬಂದು, ಕಾಲುವೆ ನೀರು ಉಂಡ ಹೊಲದ ಮಣ್ಣು ಹೇಗೆ ಬದಲಾಗಿದೆ ಎಂಬುದನ್ನು ತನ್ನ ಕಲೆಯಿಂದಲೇ ಹುಡುಕುತ್ತೇನೆ ಎಂದಾಗ, ಚಹಾ ಕುಡಿಸಿ ಕಳಿಸಿದರಾಯಿತು ಅಂದುಕೊಂಡೆ. ಆಕೆ ಚಹಾ ಕುಡಿದಳು, ಹೋಗಲಿಲ್ಲ.

ನನಗೆ ಬೇರೆ ಚಿಂತೆಯಿತ್ತು. ನಮ್ಮ ಹೊಲದ ತಗ್ಗಿನ ಭಾಗದಲ್ಲಿ ಎರಡು ವರ್ಷದಿಂದ ಗೋವಿನಜೋಳ ಹಳದಿಯಾಗಿ ನಿಲ್ಲುತ್ತಿತ್ತು. ನೀರು ಸಾಲುತ್ತಿಲ್ಲ ಎಂದು ನಾನೇ ತೀರ್ಮಾನಿಸಿ, ಅಲ್ಲಿಗೆ ಇನ್ನೊಂದು ಕಾಲುವೆ ತೋಡಿಸಲು ಜೆಸಿಬಿಗೆ ಹೇಳಿಬಿಟ್ಟಿದ್ದೆ.

ಮಣ್ಣೆತ್ತಿನ ಅಮಾವಾಸ್ಯೆಗೆ ನಾಲ್ಕು ದಿನವಿತ್ತು. ಅಂದು ನಾವು ಎರೆಮಣ್ಣಿನ ಜೋಡೆತ್ತು ಮಾಡಿ ಪೂಜಿಸುತ್ತೇವೆ. ಆಕೆ ಹೊಲದ ಮೇಲಿನ ತುದಿಯಿಂದ ತಗ್ಗಿನವರೆಗೆ ಆರು ಕಡೆ ಮಣ್ಣು ತೆಗೆದು, ಆರು ಬುಟ್ಟಿಗೆ ಗುರುತು ಹಾಕಿ ತಂದಳು. ಆರು ಜೋಡಿ ಎತ್ತನ್ನೂ ನಮ್ಮ ಅವ್ವನೇ ಮಾಡಬೇಕೆಂದಳು.

"ಕಲಾವಿದರು ನೀವು. ನೀವ ಮಾಡ್ರಿ" ಎಂದು ಕೆಣಕಿದೆ.

"ಕೈ ಒಂದ ಇರಬೇಕ್ರಿ ಅಣ್ಣಾರ, ನೀರೂ ಒಂದ ಕೊಡದ್ದ ಇರಬೇಕು. ಮಣ್ಣು ಅಷ್ಟ ಬ್ಯಾರೆ ಇದ್ದರ, ಏನ ಫರಕ್ ಆದ್ರೂ ಅದು ಮಣ್ಣಿಂದ ಅಂತ ತಿಳಿತೈತಿ."

ನಲವತ್ತು ವರ್ಷ ಉಳುಮೆ ಮಾಡಿದ ನನಗೆ ಈ ಉಪಾಯ ಹೊಳೆದಿರಲಿಲ್ಲ. ಆಕೆ ದಿನವೂ ಕಟ್ಟೆಯ ಮೇಲೆ ಕುಳಿತು, ಎತ್ತು ಒಣಗುವುದನ್ನು, ಒಂದೊಂದು ಬಿರುಕನ್ನೂ ಬಿಡದೆ ಚಿತ್ರ ಬರೆದಳು. ಅಂಥ ತಾಳ್ಮೆ ನನ್ನಲ್ಲಿ ಹುಡುಕಿದರೂ ಸಿಗದು.

ಪೂಜೆಯ ದಿನ ತಗ್ಗಿನ ಮಣ್ಣಿನ ಜೋಡಿಯ ಬೆನ್ನಿಗೆ ಹಿಟ್ಟಿನಂಥ ಬಿಳುಪು ಕೂತಿತ್ತು. ಅವ್ವ "ಒಲಿ ಬೂದಿ ಬಿದ್ದೈತಿ" ಎಂದು ಒದ್ದೆ ಅರಿವೆಯಿಂದ ಒರೆಸಿಯೇಬಿಟ್ಟಳು. ದೇವರ ಮುಂದೆ ಮಾಸಿದ ಎತ್ತು ಇಡುವವಳಲ್ಲ ಅವಳು. ಅಷ್ಟೂ ದಿನದ ಕೆಲಸ ಹಾಳಾಯಿತೆಂದು ನನಗೆ ನಿಜಕ್ಕೂ ಕೆಡುಕೆನಿಸಿತು. ಆ ಕಲಾವಿದೆ ಮಾತ್ರ ಕೈಮುಗಿದು ನಿಂತಿದ್ದು, ಆಮೇಲೆ ಒರೆಸಿದ್ದನ್ನೂ ಬರೆದುಕೊಂಡಳು.

ಎರಡು ದಿನ ಬಿಟ್ಟು ನೋಡಿದರೆ ಬಿಳುಪು ಮೊದಲಿಗಿಂತ ದಪ್ಪಗೆ ಎದ್ದಿತ್ತು. ಆಕೆ ಆರೂ ಜೋಡಿಯನ್ನು ಹೊಲದ ಇಳಿಜಾರಿನ ಕ್ರಮದಲ್ಲೇ ಕಟ್ಟೆಯ ಮೇಲೆ ಸಾಲಾಗಿ ಇಟ್ಟಳು. ಮೇಲಿನ ಮೂರು ಜೋಡಿ ಕಪ್ಪಗಿದ್ದವು. ನಾಲ್ಕನೆಯದರಲ್ಲಿ ಬಿಳುಪಿನ ಗೆರೆ, ಐದನೆಯದರಲ್ಲಿ ಪಟ್ಟೆ, ಆರನೆಯದು ಸುಣ್ಣ ಬಳಿದಂತೆ. ಹೊಲಕ್ಕೆ ಹೊರಟ ಮಂದಿ ನಿಂತು ನೋಡಿ ಮುಂದೆ ಹೋದರು. ನಾನು ಆರನೆಯದನ್ನು ಬೆರಳಲ್ಲಿ ಮುಟ್ಟಿ ನಾಲಿಗೆಗೆ ಹಚ್ಚಿಕೊಂಡೆ. ಉಪ್ಪು.

"ಮಣ್ಣು ಪರೀಕ್ಷೆ ಮಾಡಸ್ರಿ, ನನ್ನ ಮಾತಷ್ಟ ನಂಬಬ್ಯಾಡ್ರಿ" ಎಂದಳು. "ನೀರು ಹೆಚ್ಚಾಗಿ ನಿಂತಲ್ಲೆ ಕೆಳಗಿನ ಉಪ್ಪು ಮ್ಯಾಲೆ ಬರ್ತೈತಿ ಅಂತಾರ."

ಬೇಸಿಗೆಯಲ್ಲಿ ಅದೇ ಬಿಳುಪನ್ನು ತಗ್ಗಿನ ನೆಲದ ಮೇಲೆ ತುಳಿದುಕೊಂಡೇ ಓಡಾಡಿದ್ದೆ, ಧೂಳೆಂದುಕೊಂಡು. ಆ ಹುಡುಗಿಗೆ ಮನಸ್ಸಿನಲ್ಲೇ ಕೈಮುಗಿದೆ. ಫೋನ್ ಮಾಡಿ ಜೆಸಿಬಿ ಬೇಡವೆಂದೆ.

ಅವ್ವ ಆರನೆಯ ಜೋಡಿಯ ಮುಂದೆ ಬಂದು ಕುಳಿತಳು. ಈ ಸಲ ಒರೆಸಲಿಲ್ಲ.

"ಇಷ್ಟ ವರ್ಷ ನಾವ ಹೊಲಕ್ಕ ಉಪ್ಪ ಉಣಿಸಿದ್ವೇನಪಾ" ಎಂದಳು.

ತಗ್ಗಿಗೆ ಹೆಚ್ಚೆಚ್ಚು ನೀರು ಬಿಟ್ಟವನು ನಾನು. ನೀರು ಸಾಕು, ನಿಲ್ಲಿಸು ಎಂದು ಅವಳು ಎಷ್ಟೋ ಸಲ ಹೇಳಿದ್ದಳು. ಆದರೂ ನೀನು ಎನ್ನಲಿಲ್ಲ, ನಾವು ಎಂದಳು.